ಎರಡು ಕೆರೆಗೆ ತೂಬು, ಮೂಡಣಕ್ಕೆ ಹೊಸ ಕೆರೆ: ಎಚ್‌ಎಸ್‌ಆರ್ ಲೇಔಟಿನ ಹಳೆಯ ದಾಖಲೆ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿಗೆ ಹೆಸರು ಬಂದದ್ದು ಎರಡು ರಸ್ತೆಗಳಿಂದ. ಒಂದು ಕಡೆ ಹೊಸೂರು ರಸ್ತೆ, ಇನ್ನೊಂದು ಕಡೆ ಸರ್ಜಾಪುರ ರಸ್ತೆ, ನಡುವೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಾಕಿದ ಏಳು ಸೆಕ್ಟರ್‌ಗಳ ಬಡಾವಣೆ. ದೇವರು, ರಾಜ, ಕವಿ ಯಾರ ಹೆಸರೂ ಇಲ್ಲ. ಹಾಗಾಗಿ ಇಲ್ಲಿ ಇತಿಹಾಸ ಎಂಥದ್ದು, ನೈಟು ಬಿದ್ದ ಮೇಲೆ ಹುಟ್ಟಿದ ಊರು ಅಂತ ಅಲ್ಲಿಯ ನಿವಾಸಿಗಳೇ ಹೇಳುವುದುಂಟು. ಆದರೆ ಬಡಾವಣೆಯ ಒಳಗೂ ಅಂಚಿನಲ್ಲೂ ಸಿಕ್ಕಿಕೊಂಡಿರುವ ಊರುಗಳ ಹೆಸರು ಓದಿ ನೋಡಿ: ಅಗರ, ಜಕ್ಕಸಂದ್ರ, ಇಬ್ಬಲೂರು, ಹರಳುಕುಂಟೆ, ಸೋಮಸುಂದರಪಾಳ್ಯ, ಪರಂಗಿಪಾಳ್ಯ, ಮಂಗಮ್ಮನಪಾಳ್ಯ. ಇವುಗಳಲ್ಲಿ ಮೊದಲನೆಯದಾದ ಅಗರಕ್ಕೆ ಸುಮಾರು ಕ್ರಿ.ಶ. 870ರ ಒಂದು ಕನ್ನಡ ಶಾಸನವಿದೆ. ಅದು ಹೇಳುವುದು ಯುದ್ಧದ ಸುದ್ದಿಯಲ್ಲ, ನೀರಿನ ಕೆಲಸದ ಸುದ್ದಿ.

ವೃತ್ತಿಯಲ್ಲಿ ನಾನು ಎಂಜಿನಿಯರ್. ಶಾಸನ ಓದುವುದನ್ನು ಪುಸ್ತಕ ಇಟ್ಟುಕೊಂಡು, ಕಲ್ಲಿನ ಮುಂದೆ ಕೂತು ಕಲಿತವನು. ಅದಕ್ಕೇ ಈ ಪುಟ್ಟ ಶಾಸನ ನನಗೆ ವಿಶೇಷ ಅನ್ನಿಸುತ್ತದೆ. ಇದರಲ್ಲಿರುವ ಒಂದು ಶಬ್ದವನ್ನು ಭಾಷೆಯ ಕಡೆಯಿಂದ ಮಾತ್ರ ಓದಿದರೆ ಅರ್ಧ ಅರ್ಥ ಸಿಗುತ್ತದೆ. ಏರಿಯ ಮೇಲೆ ನಿಂತು ಓದಿದರೆ ಪೂರ್ತಿ ಸಿಗುತ್ತದೆ.

ಶಾಸನದಲ್ಲಿ ಏನಿದೆ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯ ಸಂಪುಟ, 1905ರಲ್ಲಿ ಹೊರಬಂತು. ಅಗರದ ಶಾಸನ ಇರುವುದು ಅದರ ಬೆಂಗಳೂರು ತಾಲೂಕಿನ ಭಾಗದಲ್ಲಿ. ಇಂದಿನ ಕನ್ನಡದಲ್ಲಿ ಅದರ ಸಾರ ಇಷ್ಟು: ಸತ್ಯವಾಕ್ಯ ಪೆರ್ಮಾನಡಿ ರಾಜ್ಯವಾಳುತ್ತಿದ್ದಾಗ ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ಕೆರೆಯನ್ನು ಕಟ್ಟಿಸಿದ, ಅದಕ್ಕಾಗಿ ಬಿತ್ತುವಟ್ಟ ಪಡೆದ.

ಯಾರ ಕಾಲ, ಯಾರ ಮಗ, ಯಾರು, ಏನು ಮಾಡಿದ, ಏನು ಸಿಕ್ಕಿತು. ಇವತ್ತಿನ ಲೋಕೋಪಯೋಗಿ ಕೆಲಸದ ಮುಕ್ತಾಯ ಪತ್ರದಲ್ಲೂ ಇರಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ ಅಲ್ವಾ?

ಇದೇ ಕಾಲದ ಸುಮಾರಿಗೆ, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಬೇಗೂರಿನ ಕಲ್ಲುಗಳು ಏನು ಹೇಳುತ್ತವೆ ಅಂತ ಹೋಲಿಸಿ. ಒಂದರಲ್ಲಿ ನಾಗತ್ತರ ಆನೆಗಳ ಎದುರು ಹೋರಾಡಿ ಮಡಿದದ್ದಿದೆ. ಆ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದರಲ್ಲಿ ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತದ್ದಿದೆ. ನಗರದ ಹೆಸರು ಬರುವ ಅತ್ಯಂತ ಹಳೆಯ ದಾಖಲೆ ಅಂತ ಎಲ್ಲರೂ ತೋರಿಸುವುದು ಅದನ್ನೇ. ಎರಡೂ ಸಾವಿನ ಕಲ್ಲುಗಳು. ಅಗರದ ಕಲ್ಲಿನಲ್ಲಿ ಯಾರೂ ಸಾಯುವುದಿಲ್ಲ. ಬಹುಶಃ ಅದಕ್ಕೇ ಅದರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

870 ಅಂತ ಹೇಗೆ ಹೇಳುತ್ತಾರೆ

ಇಂಥ ಸಣ್ಣ ಗಂಗ ಶಾಸನಗಳಲ್ಲಿ ಎಷ್ಟೋ ಸಲ ಶಕವರ್ಷ ಇರುವುದೇ ಇಲ್ಲ. ರಾಜನ ಬಿರುದು ಮತ್ತು ಲಿಪಿಯ ಆಕಾರ, ಇವೆರಡರಿಂದ ಕಾಲ ಕಟ್ಟಬೇಕು.

ಬಿರುದಿನಲ್ಲಿ ಒಂದು ತೊಡಕಿದೆ. ಒಂಬತ್ತನೆಯ ಶತಮಾನದಿಂದ ಗಂಗರಲ್ಲಿ ಸತ್ಯವಾಕ್ಯ, ನೀತಿಮಾರ್ಗ ಎಂಬ ಎರಡು ಬಿರುದುಗಳು ಒಬ್ಬರಾದ ಮೇಲೆ ಒಬ್ಬರಿಗೆ ಸರದಿಯಂತೆ ಬರುತ್ತವೆ. ಪೆರ್ಮಾನಡಿ ಎಂಬುದಂತೂ ಎಲ್ಲರಿಗೂ ಸಲ್ಲುತ್ತದೆ. ಹಾಗಾಗಿ ಸತ್ಯವಾಕ್ಯ ಪೆರ್ಮಾನಡಿ ಅಂದ ಕೂಡಲೇ ಯಾವ ಸತ್ಯವಾಕ್ಯ ಅಂತ ಕೇಳಬೇಕು. ಇಲ್ಲಿ ನೆರವಿಗೆ ಬರುವುದು ಕೊಡಗಿನ ಬಿಳಿಯೂರು ಶಾಸನ. ಅದರಲ್ಲಿ ಶಕ 809 ಎಂದಿದೆ, ಅಂದರೆ ಕ್ರಿ.ಶ. 887–88. ಅದು ಸತ್ಯವಾಕ್ಯನ ಆಳ್ವಿಕೆಯ 18ನೆಯ ವರ್ಷ ಅಂತಲೂ ಹೇಳಿದೆ. ಕಳೆದರೆ ಪಟ್ಟಕ್ಕೆ ಬಂದದ್ದು 870ರ ಸುಮಾರು. ಇವನೇ ಎರಡನೆಯ ರಾಚಮಲ್ಲ. ಅಗರದ ಕಲ್ಲನ್ನು ವಿದ್ವಾಂಸರು ಇವನ ಕಾಲಕ್ಕೆ ಹಾಕುತ್ತಾರೆ. 870 ಅನ್ನುವ ಸಂಖ್ಯೆಯ ಹಿಂದೆ ಯಾವಾಗಲೂ ಒಂದು 'ಸುಮಾರು' ಇರುವುದು ಈ ಕಾರಣಕ್ಕೆ.

ಭಾಷೆಯ ಕಡೆಯಿಂದ ಒಂದು ಗುರುತು ಹೇಳುತ್ತೇನೆ, ಹೊಸದಾಗಿ ಶಾಸನ ಓದುವವರಿಗೆ ಉಪಯೋಗ ಆಗುತ್ತದೆ. ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು: ಸಾಮಾನ್ಯ ರ, ಮತ್ತು ಶಕಟರೇಫ ಎನ್ನುವ ಱ. 'ಕೆರೆ', 'ಮೂರು' ಎರಡೂ ಆಗ ಱ ಇರುವ ಶಬ್ದಗಳು, ಅಂದರೆ ಕೆಱೆ, ಮೂಱು. ಮುಂದೆ ಉಚ್ಚಾರಣೆ ಒಂದಾಗಿ ಬರಹದಲ್ಲೂ ಎರಡು ಬೆರೆತುಹೋದವು. ಕೆರೆಯ ಶಾಸನ ಕೈಗೆ ಸಿಕ್ಕಾಗ ಮೊದಲು 'ಕೆರೆ' ಶಬ್ದದ ಎರಡನೆಯ ಅಕ್ಷರ ನೋಡಿ. ಬರೆದವನು ಎರಡು ರಕಾರಗಳ ಭೇದ ಇಟ್ಟುಕೊಂಡಿದ್ದಾನೋ ಇಲ್ಲವೋ ಎನ್ನುವುದೂ ಕಾಲನಿರ್ಣಯಕ್ಕೆ ಒಂದು ಸಣ್ಣ ಸಾಕ್ಷಿ. ಹಾಗೆಯೇ ಇಂದಿನ 'ತೂಬು' ಹಳಗನ್ನಡದ 'ತೂಂಬು'. ನಡುವಿನ ಅನುನಾಸಿಕ ಬಿದ್ದುಹೋಗಿದೆ, ವಸ್ತು ಮಾತ್ರ ಅದೇ.

ತೂಬು ಅಂದರೆ ನಿಜವಾಗಿ ಏನು

ಕೆರೆಗೆ ಮುಖ್ಯವಾಗಿ ಮೂರು ಭಾಗ. ಕಣಿವೆಗೆ ಅಡ್ಡವಾಗಿ ಹಾಕಿದ ಮಣ್ಣಿನ ಏರಿ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿ ಹರಿದುಹೋಗುವ ಕೋಡಿ. ಬೇಕಾದಾಗ ಬೇಕಾದಷ್ಟು ನೀರನ್ನು ಕೆಳಗಿನ ಗದ್ದೆಗೆ ಬಿಡುವ ತೂಬು. ಕೋಡಿ ಕೆರೆಯ ಮಾತು ಕೇಳುತ್ತದೆ, ತೂಬು ಮನುಷ್ಯನ ಮಾತು ಕೇಳುತ್ತದೆ.

ಹಳೆಯ ತೂಬನ್ನು ನೀವು ನೋಡಿರುತ್ತೀರಿ, ಗುರುತಿಸಿರಲಿಕ್ಕಿಲ್ಲ. ಎಷ್ಟೋ ಹಳೆಯ ಕೆರೆಗಳಲ್ಲಿ ಏರಿಯ ಒಳಬದಿಗೆ, ನೀರಿನಲ್ಲಿ, ಎರಡು ಉದ್ದ ಕಲ್ಲುಕಂಬ ಜೋಡಿಯಾಗಿ ನಿಂತಿರುತ್ತವೆ, ನಡುವೆ ಅಡ್ಡಪಟ್ಟಿ ಕಲ್ಲುಗಳು. ಮುಳುಗಿದ ಗುಡಿಯ ಬಾಗಿಲು ಅಂದುಕೊಳ್ಳುವವರೂ ಇದ್ದಾರೆ. ಅಡ್ಡಪಟ್ಟಿಗಳಲ್ಲಿ ತೂತು ಇರುತ್ತದೆ, ಅದರೊಳಗೆ ಒಂದು ಉದ್ದ ಗಳು ಇಳಿಯುತ್ತದೆ. ಗಳುವಿನ ತುದಿಯಲ್ಲಿ ಬಿರಡೆ. ತಳದ ಕಲ್ಲಿನಲ್ಲಿರುವ ರಂಧ್ರಕ್ಕೆ ಆ ಬಿರಡೆ ಕೂತರೆ ನೀರು ಬಂದ್, ಎತ್ತಿದರೆ ನೀರು ಏರಿಯ ಅಡಿಯ ಕಲ್ಲಿನ ಕೊಳವೆಯೊಳಗೆ ನುಗ್ಗಿ ಆಚೆ ಕಾಲುವೆಗೆ ಬೀಳುತ್ತದೆ. ಈ ಕೆಲಸಕ್ಕೆ ಊರಿನಲ್ಲಿ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ಎನ್ನುವುದು ಅವನ ಲೆಕ್ಕ.

ಕೇಳಲಿಕ್ಕೆ ಸುಲಭ. ಕಟ್ಟುವಾಗ ಗೊತ್ತಾಗುತ್ತದೆ. ಮಣ್ಣಿನ ಏರಿಯಲ್ಲಿ ಅತಿ ದುರ್ಬಲ ಜಾಗ ಅಂದರೆ ತೂಬಿನ ಕೊಳವೆ ಹಾಯುವ ಜಾಗ. ಕಲ್ಲಿಗೂ ಮಣ್ಣಿಗೂ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ನೀರು ಅಲ್ಲಿ ಹಾದಿ ಮಾಡಿಕೊಳ್ಳುತ್ತದೆ, ಮಣ್ಣಿನ ಕಣ ಒಂದೊಂದಾಗಿ ಹೊತ್ತುಕೊಂಡು ಹೋಗುತ್ತದೆ, ಸಂದಿ ಸುರಂಗವಾಗುತ್ತದೆ, ಒಂದು ದಿನ ಏರಿಯೇ ಒಡೆಯುತ್ತದೆ. ತಳದಲ್ಲಿ ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಹೆಚ್ಚುವುದರಿಂದ ಅಪಾಯ ಇರುವುದೂ ಅಲ್ಲಿಯೇ. ಕೊಳವೆಯ ಸುತ್ತ ಜೇಡಿಮಣ್ಣನ್ನು ನೀರು ಹಾಕಿ ತುಳಿದು, ಪದರ ಪದರವಾಗಿ ಗಟ್ಟಿ ಮಾಡಬೇಕು. ಇಂದಿನ ಮಣ್ಣಿನ ಅಣೆಕಟ್ಟಿಗೂ ಇದೇ ನಿಯಮ.

ಈಗ ಶಾಸನಕ್ಕೆ ಮರಳೋಣ. ಸಿರಿಮಯ್ಯ ಎರಡು ಕೆರೆ ಕಟ್ಟಿಸಿದ ಎಂದಿಲ್ಲ, ಎರಡು ಕೆರೆಗೆ ತೂಬು ಇಡಿಸಿದ ಎಂದಿದೆ. ಇದರಿಂದ ಹೊರಡುವ ಮಾತುಗಳು ಎರಡು.

ಒಂದು, ಆ ಎರಡು ಕೆರೆಗಳು 870ಕ್ಕೆ ಮೊದಲೇ ಅಲ್ಲಿದ್ದವು. ಹಾಗಾಗಿ ಅಲ್ಲಿಯ ನೀರಿನ ವ್ಯವಸ್ಥೆ ಶಾಸನಕ್ಕಿಂತ ಹಳೆಯದು. ಎಷ್ಟೋ ಲೇಖನಗಳಲ್ಲಿ ಈ ಶಾಸನವನ್ನು ಮೂರು ಕೆರೆ ಕಟ್ಟಿಸಿದ ದಾಖಲೆ ಎಂದು ಒಟ್ಟಿಗೆ ಹೇಳಿಬಿಡುತ್ತಾರೆ. ಕಲ್ಲು ಆ ಭೇದವನ್ನು ಸ್ಪಷ್ಟವಾಗಿ ಇಟ್ಟಿದೆ. ನಾವೂ ಇಟ್ಟುಕೊಳ್ಳಬೇಕು.

ಎರಡು, ಇರುವ ಕೆರೆಗೆ ತೂಬು ಇಡಿಸುವುದು ಎಂದರೆ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಏರಿಯನ್ನು ತಳದವರೆಗೆ ಕಡಿದು, ಕೊಳವೆ ಕೂರಿಸಿ, ಮುಂಗಾರು ಬರುವುದರೊಳಗೆ ಮತ್ತೆ ಮುಚ್ಚಿ ಗಟ್ಟಿ ಮಾಡುವ ಕೆಲಸ. ಕೆಲಸ ಅರ್ಧಕ್ಕೆ ನಿಂತಾಗ ಮಳೆ ಬಂದರೆ ಕೆರೆಯೂ ಹೋಯಿತು, ಕೆಳಗಿನ ಊರೂ ಹೋಯಿತು. ಇಂಥ ಕೆಲಸವನ್ನು ಒಬ್ಬ ಎರಡು ಕಡೆ ಮುಗಿಸಿದ್ದಾನೆ ಎಂದರೆ ಅವನ ಹೆಸರು ಕಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

'ಮೂಡಣ' ಎಂಬ ದಿಕ್ಕು

ಹೊಸ ಕೆರೆಯನ್ನು ಮೂಡಣ ಕೆರೆ ಎಂದು ಮಾತ್ರ ಹೇಳಿದೆ. ಇಂದಿನ ಇಂಥದ್ದೇ ಕೆರೆ ಅಂತ ಬೆರಳಿಟ್ಟು ತೋರಿಸಲು ಅಷ್ಟು ಸಾಲದು. ಆದರೆ ದಿಕ್ಕಿಗೆ ಅರ್ಥವಿದೆ. ಮಡಿವಾಳ ಕೆರೆಯ ಕಡೆಯ ನೀರು ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಎಂದು ಕರೆಯುವುದು ಈ ಜಲಾನಯನವನ್ನು. ಇಲ್ಲಿ ಇಳಿಜಾರು ಮೂಡಣಕ್ಕೆ. ಅಂದರೆ ಮೂಡಣಕ್ಕೆ ಕಟ್ಟಿದ ಕೆರೆ ಇಳಿಜಾರಿನಲ್ಲಿ ಕೆಳಗಿನದು. ಮೇಲಿನ ಕೆರೆಗಳ ಕೋಡಿ ನೀರು ಹಿಡಿಯಲು ಕೆಳಗೆ ಇನ್ನೊಂದು ಕೆರೆ ಕಟ್ಟುವುದು ಬಯಲುಸೀಮೆಯ ಹಳೆಯ ಕ್ರಮ. ಮೊದಲು ಇರುವ ಕೆರೆಗಳನ್ನು ಹದಕ್ಕೆ ತಂದು, ಆಮೇಲೆ ಕೆಳಗೆ ಹೊಸದು: ಶಾಸನ ಕೆಲಸಗಳನ್ನು ಹೇಳುವ ಅನುಕ್ರಮವೂ ಇದೇ.

ಇದೇ ಕಣಿವೆಯಲ್ಲಿ ಸುಮಾರು 380 ವರ್ಷಗಳ ನಂತರದ ಇನ್ನೊಂದು ಸಾಕ್ಷಿ ಇದೆ. ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಯ 1247ರ ಶಾಸನದಲ್ಲಿ ಕೊಟ್ಟ ಭೂಮಿಯ ಗುರುತು ಹೇಳುವಾಗ ವೆಂಗಳೂರಿನ ದೊಡ್ಡ ಕೆರೆಯ ಕೆಳಗೆ ಎಂದಿದೆ. ಅದೇ ಗುಡಿಯ ಇನ್ನೊಂದು ಶಾಸನದಲ್ಲಿ ಬರುವ ತಾಮರೈಕ್ಕಿರೈ ಎಂಬ ಸ್ಥಳ ಪಕ್ಕದ ಇಂದಿನ ತಾವರೆಕೆರೆ. ನಾವು ಈಗ ರಸ್ತೆಯಿಂದ ವಿಳಾಸ ಹೇಳುತ್ತೇವೆ, ಅವರು ಕೆರೆಯಿಂದ ಹೇಳುತ್ತಿದ್ದರು. ಕೆರೆಯ ಕೆಳಗೆ ಎಂದರೆ ನೀರಾವರಿ ಇರುವ ಬೆಲೆಯುಳ್ಳ ಗದ್ದೆ, ಅಚ್ಚುಕಟ್ಟು. ಇವತ್ತು ಅದೇ ಮಾತಿಗೆ ಅರ್ಥ ಬೇರೆ: ಮಳೆ ಬಂದರೆ ಮುಳುಗುವ ಸೈಟು.

ಬಿತ್ತುವಟ್ಟ: ಸನ್ಮಾನವಲ್ಲ, ವ್ಯವಸ್ಥೆ

ಸಿರಿಮಯ್ಯನಿಗೆ ಸಿಕ್ಕ ಬಿತ್ತುವಟ್ಟ ಎಂದರೆ ಕೆರೆ ಕಟ್ಟಿದವನಿಗೆ, ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು. ಶಾಸನಗಳಲ್ಲಿ ಬಿತ್ತುಕಟ್ಟು ಎಂಬ ರೂಪವೂ ಸಿಗುತ್ತದೆ. ಬಿತ್ತು ಎಂದರೆ ಬೀಜ, ಶಬ್ದದ ಬೇರು ಅಲ್ಲಿದೆ. ಮುಂದಿನ ಶತಮಾನಗಳಲ್ಲಿ ಕಟ್ಟುಕೊಡಗೆ, ದಸವಂದ ಮುಂತಾದ ಹೆಸರುಗಳಲ್ಲಿ ಇದೇ ಬಗೆಯ ಏರ್ಪಾಡುಗಳು ಕಾಣುತ್ತವೆ.

ಇದರ ಜಾಣತನ ನೋಡಿ. ಹಣವನ್ನು ಒಮ್ಮೆಗೇ ಕೈಗೆ ಕೊಟ್ಟರೆ ಕೆಲಸಗಾರ ಎದ್ದು ಹೋಗುತ್ತಾನೆ. ಕೆರೆ ನೀರಿನಿಂದ ಬೆಳೆಯುವ ಭೂಮಿಯನ್ನೇ ಕೊಟ್ಟರೆ ಕೆರೆ ಚೆನ್ನಾಗಿರುವವರೆಗೆ ಮಾತ್ರ ಅವನ ಅನ್ನ. ತೂಬು ಸೋರಿದರೆ ಮೊದಲು ಒಣಗುವುದು ಅವನ ಗದ್ದೆ. ಹೂಳು ತುಂಬಿದರೆ ಅವನ ಪಾಲೇ ಕಡಿಮೆ. ನಿರ್ವಹಣೆಯ ಖರ್ಚನ್ನು ಕೆರೆಯೇ ದುಡಿದು ಕೊಡುವ ಹಾಗೆ ಕರಾರು ಮಾಡಿದ್ದಾರೆ, ಅದನ್ನು ಕಲ್ಲಿನ ಮೇಲೆ ಬರೆದಿದ್ದಾರೆ. ಈ ಬಗೆಯ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪವಾಕ್ಯವನ್ನು ನಾವು ಓದಿ ನಗುತ್ತೇವೆ. ಕಾವಲು, ಕೋರ್ಟು ದೂರವಿದ್ದ ಕಾಲದಲ್ಲಿ ಕರಾರನ್ನು ನೂರಾರು ವರ್ಷ ಕಾಯಲು ಇದ್ದ ಉಪಾಯಗಳಲ್ಲಿ ಅದೂ ಒಂದು.

ಇವತ್ತಿನ ಬಡಾವಣೆಗೆ ಇದರಿಂದ ಏನು

ಇಲ್ಲಿಯವರೆಗೆ ಹೇಳಿದ್ದು ಶಾಸನ. ಇನ್ನು ಹೇಳುವುದು ಎಂಜಿನಿಯರ್ ಮಾತು, ಆದರೆ ಎರಡಕ್ಕೂ ಸಂಬಂಧವಿದೆ.

ಕೃಷಿ ಇದ್ದಾಗ ಕೆರೆಯ ಒಂದು ವರ್ಷದ ಬದುಕು ಹೀಗಿತ್ತು: ಮಳೆಗಾಲದಲ್ಲಿ ತುಂಬುವುದು, ತೂಬಿನಿಂದ ಗದ್ದೆಗೆ ಹರಿಯುತ್ತಾ ಬೇಸಿಗೆಗೆ ಇಳಿಯುವುದು, ಖಾಲಿಯಾದ ಅಂಗಳದಲ್ಲಿ ರೈತರು ಹೂಳು ತೆಗೆದು ಹೊಲಕ್ಕೆ ಹೊಡೆಯುವುದು, ಮತ್ತೆ ಮುಂಗಾರಿಗೆ ಜಾಗ ಮಾಡಿಕೊಂಡು ಕಾಯುವುದು. ಅಂದರೆ ತೂಬು ಗದ್ದೆಗೆ ನೀರು ಕೊಡುತ್ತಿತ್ತು, ಜೊತೆಗೆ ಕೆರೆಗೆ ಖಾಲಿ ಜಾಗವನ್ನೂ ಕೊಡುತ್ತಿತ್ತು.

ಊರು ಬೆಳೆದು ಗದ್ದೆ ಹೋದ ಮೇಲೆ ತೂಬಿಗೆ ಕೆಲಸ ಇಲ್ಲ. ನಗರದ ಎಷ್ಟೋ ಕೆರೆಗಳಲ್ಲಿ ತೂಬು ಮುಚ್ಚಿಹೋಗಿದೆ, ಕೋಡಿ ಮಾತ್ರ ಉಳಿದಿದೆ. ವರ್ಷವಿಡೀ ಒಳಚರಂಡಿ ನೀರೋ ಸಂಸ್ಕರಿಸಿದ ನೀರೋ ಬರುತ್ತಲೇ ಇರುತ್ತದೆ. ಕೆರೆ ತುಂಬಿ ತುಳುಕುತ್ತಿದ್ದರೆ ನೋಡಲಿಕ್ಕೂ ಚೆಂದ, ವಾಕಿಂಗ್ ಹೋಗುವವರಿಗೂ ಖುಷಿ. ಆದರೆ ಜೂನ್ ಬರುವಾಗಲೇ ಕೆರೆ ತುಂಬಿದ್ದರೆ ಮೊದಲ ದೊಡ್ಡ ಮಳೆಯ ನೀರು ನೇರವಾಗಿ ಕೋಡಿ ದಾಟಿ ಕೆಳಗೆ ಹೋಗುತ್ತದೆ. ಅದು ಕೆರೆಯಾಗಿ ಉಳಿದಿರುವುದಿಲ್ಲ, ಅಗಲವಾದ ಒಂದು ಕಾಲುವೆ ಅಷ್ಟೆ.

ಒಂದು ಸರಳ ಲೆಕ್ಕ. ಕೆರೆಯ ವಿಸ್ತಾರ 40 ಹೆಕ್ಟೇರ್ ಎಂದು ಇಟ್ಟುಕೊಳ್ಳಿ. ಅದನ್ನು ಮಳೆಗಾಲಕ್ಕೆ ಮುಂಚೆ ಒಂದು ಮೀಟರ್ ಇಳಿಸಿದರೆ 4 ಲಕ್ಷ ಘನ ಮೀಟರ್ ಜಾಗ ಸಿಗುತ್ತದೆ. 4 ಚದರ ಕಿಲೋಮೀಟರ್ ಪ್ರದೇಶದ ಮೇಲೆ 100 ಮಿಲಿಮೀಟರ್ ಮಳೆ ಸುರಿದು, ಒಂದು ಹನಿಯೂ ಇಂಗದೆ ಹರಿದುಬಂದರೆ ಆಗುವ ನೀರು ಸರಿಯಾಗಿ ಅಷ್ಟೇ. ಕಾಂಕ್ರೀಟು, ಡಾಂಬರು ಹಾಸಿದ ಬಡಾವಣೆಯಲ್ಲಿ ಇಂಗುವುದು ಹೇಗೂ ಕಡಿಮೆ. ಆ ಒಂದು ಮೀಟರನ್ನು ಇಳಿಸುವ ಸಾಧನ ತೂಬು, ಕೋಡಿಯಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಜನರನ್ನು ಹೊರತಂದದ್ದು ಎಲ್ಲರಿಗೂ ನೆನಪಿದೆ. ಅದಾದ ಮೇಲೆ ನಗರದ ಕೆರೆಗಳಿಗೆ ತೂಬಿನ ಗೇಟು ಅಳವಡಿಸಬೇಕು ಎಂಬ ಮಾತು ಬಂತು. ಒಳ್ಳೆಯ ಮಾತೇ. ಹೊಸ ಆಲೋಚನೆ ಎಂದು ಮಾತ್ರ ಯಾರೂ ಹೇಳುವ ಹಾಗಿಲ್ಲ. ಇರುವ ಕೆರೆಗೆ ಹೊಸದಾಗಿ ತೂಬು ಕೂರಿಸುವುದು ಇದೇ ಕಣಿವೆಯಲ್ಲಿ 1150 ವರ್ಷಗಳ ಹಿಂದೆ ಆಗಿದೆ, ಮಾಡಿದವನ ಹೆಸರು, ಅವನ ಅಪ್ಪನ ಹೆಸರು ಸಮೇತ. ಅಂದಿನ ಕರಾರಿನಲ್ಲಿ ಇದ್ದು ಇಂದಿನ ಚರ್ಚೆಯಲ್ಲಿ ಕಡಿಮೆ ಕೇಳಿಸುವ ಅಂಶ ಒಂದೇ: ಗೇಟು ಹಾಕಿದ ಮೇಲೆ ಅದನ್ನು ದಿನಾ ಯಾರು ತೆರೆಯುತ್ತಾರೆ, ಯಾವಾಗ ತೆರೆಯುತ್ತಾರೆ, ಅವನ ಸಂಬಳ ಎಲ್ಲಿಂದ. ಬಿತ್ತುವಟ್ಟ ಆ ಪ್ರಶ್ನೆಗೆ ಕೊಟ್ಟ ಉತ್ತರ. ಗದ್ದೆ ಇಲ್ಲದ ಕಾಲದಲ್ಲಿ ಆ ಉತ್ತರ ನಡೆಯುವುದಿಲ್ಲ, ಪ್ರಶ್ನೆ ಮಾತ್ರ ಹಾಗೇ ಇದೆ.

ಏರಿಯ ಮೇಲೆ ನಡೆಯುವವರಿಗೆ

ಈ ಭಾಗದಲ್ಲಿರುವ ಓದುಗರು ಮುಂದಿನ ಭಾನುವಾರ ಕೆರೆಯ ಸುತ್ತ ನಡೆಯುವಾಗ ಮೂರು ಸಂಗತಿ ಗಮನಿಸಿ. ಏರಿ ಯಾವ ಬದಿಗಿದೆ, ಅಂದರೆ ಇಳಿಜಾರು ಯಾವ ಕಡೆಗೆ. ಕೋಡಿ ಎಲ್ಲಿದೆ, ಅದರಾಚೆ ರಾಜಕಾಲುವೆ ಎಷ್ಟು ಅಗಲ ಉಳಿದಿದೆ. ತೂಬಿನ ಕಂಬಗಳ ಗುರುತು ಏನಾದರೂ ಇದೆಯೇ. ಗುಡಿಯ ಅಂಗಳ, ಅರಳಿಕಟ್ಟೆ, ಹಳೆಯ ಬಾವಿಯ ಪಕ್ಕ ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ, ಬಣ್ಣ ಬಳಿಯಲು ಬಿಡಬೇಡಿ, ಜಾಗ ಬದಲಿಸಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಅಕ್ಷರದ ನೆರಳು ಚೆನ್ನಾಗಿ ಏಳುತ್ತದೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ, ಅವರಿಗೆ ತಿಳಿಸಿ.

ಮನೆಗೆ ಬಂದ ಮೇಲೆ ರೈಸ್ ಸಂಪುಟ ತೆರೆದು ಬೆಂಗಳೂರು ತಾಲೂಕಿನ ಪುಟಗಳಲ್ಲಿ ನಿಮ್ಮ ಬಡಾವಣೆಯ ಒಳಗೆ ಸೇರಿಹೋದ ಹಳ್ಳಿಯ ಹೆಸರು ಹುಡುಕಿ. ಲೇಔಟಿನ ಹೆಸರು ಅಲ್ಲಿ ಸಿಗುವುದಿಲ್ಲ. ಹಳ್ಳಿಯ ಹೆಸರು ಸಿಕ್ಕರೆ, ಆ ಶಾಸನದಲ್ಲಿ ಕೆರೆಯ ಮಾತು ಬಂದಿದೆಯೇ ಅಂತ ಮೊದಲು ನೋಡಿ.